ಬಿಸಿಲು ನಾಡಿನ ಮನೆಗೆ ಹೊರಬಣ್ಣ: ಆರಿಸುವ ಕ್ರಮ

ಕಲಬುರಗಿಯ ಯಾವುದೇ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಪದೇ ಪದೇ ಕಣ್ಣಿಗೆ ಬೀಳುವ ಬಣ್ಣಗಳು ನಾಲ್ಕೋ ಐದೋ. ತಿಳಿ ಬೂದಿಗೆ ಬಿಳಿ ಪಟ್ಟಿ, ಕ್ರೀಮಿಗೆ ಕಂದು ಪಟ್ಟಿ, ಬಿಸ್ಕಿಟ್ ಬಣ್ಣದ ಜೊತೆ ಇಟ್ಟಿಗೆ ಕೆಂಪು, ಅಲ್ಲೊಂದು ಇಲ್ಲೊಂದು ಪಿಸ್ತಾ ಹಸಿರು. ಹಿಂದೆ ಗಿಳಿ ಹಸಿರು, ನೇರಳೆ, ಕಿತ್ತಳೆ ಹಚ್ಚಿಸಿದ್ದ ಮನೆಗಳೂ ಎರಡನೇ ಸಲಕ್ಕೆ ಈ ಸಾಲಿಗೇ ಸೇರುತ್ತಿವೆ. ಇದರಲ್ಲಿ ಫ್ಯಾಷನ್ ಪಾಲು ಅರ್ಧ, ಉಳಿದದ್ದು ಬಿಸಿಲು ಮತ್ತು ಧೂಳಿನ ಪಾಲು.

ನಮ್ಮ ಭಾಗದಲ್ಲಿ ಮನೆಯ ಹೊರಬಣ್ಣವನ್ನು ಮೊದಲು ಆರಿಸುವುದು ಬಿಸಿಲು, ಆಮೇಲೆ ಊರಿನ ಮಣ್ಣು, ಕೊನೆಗೆ ನಾವು. ಈ ಸರತಿ ತಪ್ಪಿಸಿ, ಮೊಬೈಲಿನಲ್ಲಿ ಕಂಡ ಬೆಂಗಳೂರಿನದೋ ಕೇರಳದ್ದೋ ಮನೆಯ ಫೋಟೊ ತೋರಿಸಿ ‘ಹಿಂಗೇ ಬೇಕು’ ಅಂದರೆ ಪೇಂಟರ್ ಹಚ್ಚಿಕೊಡುತ್ತಾರೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಅದು ಆ ಫೋಟೊದಂತೆ ಇರುವುದಿಲ್ಲ, ಅಷ್ಟೆ.

1. ಬದಲಾಗದ್ದನ್ನು ಮೊದಲು ಪಟ್ಟಿ ಮಾಡಿ

ಶೇಡ್ ಕಾರ್ಡ್ ತರುವ ಮುಂಚೆ ಮನೆಯ ಎದುರು ನಿಂತು, ಬಣ್ಣ ಹಚ್ಚದೆ ಹಾಗೇ ಉಳಿಯುವ ವಸ್ತುಗಳನ್ನು ಬರೆದುಕೊಳ್ಳಿ. ಅಂಗಳದ ಶಹಾಬಾದ ಕಲ್ಲು, ಮೆಟ್ಟಿಲ ಗ್ರಾನೈಟ್, ಮುಂಭಾಗದ ಟೈಲ್ಸ್, ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು, ಬಾಗಿಲ ಪಾಲಿಶ್. ಶಹಾಬಾದ ಕಲ್ಲು ಸಾಮಾನ್ಯವಾಗಿ ತಣ್ಣನೆಯ ಬೂದು. ಅದರ ಪಕ್ಕ ಹಳದಿ ಹೆಚ್ಚಿರುವ ಕ್ರೀಮ್ ಹಚ್ಚಿದರೆ ಗೋಡೆ ಹಳೆಯದಾದಂತೆ ಕಾಣುತ್ತದೆ. ಬೂದು ಬೆರೆತ ಆಫ್ ವೈಟ್ ಅಥವಾ ತಿಳಿ ಬೂದು ಹಚ್ಚಿದರೆ ಕಲ್ಲೂ ಗೋಡೆಯೂ ಒಂದೇ ಮನೆಯವು ಅನ್ನಿಸುತ್ತವೆ. ಕೆಂಪು ಗ್ರಾನೈಟ್ ಮೆಟ್ಟಿಲಿದ್ದರೆ ಕ್ರೀಮ್, ಬಿಸ್ಕಿಟ್, ಗೋಧಿ ಬಣ್ಣ ಹೊಂದುತ್ತವೆ.

ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಗೋಡೆಯೇ ಕಲ್ಲಿನದಿರುವ ಮನೆಗಳು ಬೇಕಾದಷ್ಟಿವೆ. ಅವುಗಳಿಗೆ ನನ್ನ ಸಲಹೆ ಒಂದೇ: ಕಲ್ಲಿಗೆ ಬಣ್ಣ ಬೇಡ. ಸಂದಿನ ಗಾರೆ ಬಿಟ್ಟಿದ್ದರೆ ಅದನ್ನು ತುಂಬಿಸಿ, ಕಿಟಕಿಯ ಸುತ್ತ ಮತ್ತು ಕಟಾಂಜನದ ಪಟ್ಟಿಗೆ ಮಾತ್ರ ಬಣ್ಣ ಕೊಡಿ. ಕಲ್ಲಿನ ಮೇಲೆ ಎನಾಮಲ್ (ಆಯಿಲ್ ಪೇಂಟ್) ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಅದು ಹೊಪ್ಪಳಿಕೆಯಾಗಿ ಏಳುತ್ತದೆ, ಆಮೇಲೆ ಕೆರೆದು ತೆಗೆಯುವುದು ಹಚ್ಚಿದ್ದಕ್ಕಿಂತ ದುಬಾರಿ. ಬೀದರಿನ ಹಳೆ ಓಣಿಗಳ ಕೆಂಪು ಜಂಬಿಟ್ಟಿಗೆ ಗೋಡೆಗಳಿಗೂ ಇದೇ ಮಾತು. ಆ ಕಲ್ಲು ರಂಧ್ರಗಳಿಂದ ತುಂಬಿದ್ದು, ಉಸಿರಾಡಬೇಕು. ಹಚ್ಚಲೇಬೇಕೆಂದರೆ ಅದಕ್ಕೆ ಸುಣ್ಣವೇ ಸರಿ.

2. ಗೋಡೆ ಯಾವ ದಿಕ್ಕಿಗಿದೆ?

ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಎರಡನೇ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಅವನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಕಡು ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ನಾವು ಅಂದುಕೊಂಡಷ್ಟು ಬಿಸಿಲು ಬೀಳುವುದಿಲ್ಲ. ಅದರ ಸರದಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಕಾಯುವುದು ಮಾಳಿಗೆ, ಬೆಳಿಗ್ಗೆ ಪೂರ್ವದ ಗೋಡೆ, ಮಧ್ಯಾಹ್ನದ ನಂತರ ಪಶ್ಚಿಮದ ಗೋಡೆ. ಮೇ ತಿಂಗಳಲ್ಲಿ 42–43 ಡಿಗ್ರಿ ನಮಗೆ ಹೊಸತಲ್ಲ. ಗಾಳಿಯೇ ಅಷ್ಟು ಕಾದಿರುವ ಹೊತ್ತಿಗೆ ಪಶ್ಚಿಮದ ಗೋಡೆಗೆ ಇಳಿಬಿಸಿಲೂ ಬಡಿಯುತ್ತದೆ. ಆ ಗೋಡೆ ರಾತ್ರಿ ಊಟದ ಹೊತ್ತಿಗೂ ಒಳಗೆ ಶೆಕೆ ಬಿಡುತ್ತಿರುತ್ತದೆ.

ಆದ್ದರಿಂದ ಗಾಢ ಬಣ್ಣದ ಆಸೆ ಇದ್ದವರು ಅದನ್ನು ಉತ್ತರ ಅಥವಾ ದಕ್ಷಿಣದ ಗೋಡೆಯಲ್ಲಿ ತೀರಿಸಿಕೊಳ್ಳಲಿ. ಪಶ್ಚಿಮಕ್ಕೆ ತಿಳಿ ಬಣ್ಣವೇ ಇರಲಿ. ತಿಳಿ ಅಂದರೆ ಎಷ್ಟು ತಿಳಿ ಎಂಬುದಕ್ಕೆ ಒಂದು ಅಳತೆ ಇದೆ. ಹಲವು ಕಂಪನಿಗಳು ಪ್ರತಿ ಶೇಡಿಗೆ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಬಣ್ಣ ಶೇಕಡಾ ಎಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಲೆಕ್ಕ ಅದು. ಅಚ್ಚ ಬಿಳಿಗೆ 80ರ ಮೇಲೆ, ಕಡು ಬೂದಿಗೆ 10–15. ಬಿಸಿಲಿನ ಗೋಡೆಗೆ 60ಕ್ಕಿಂತ ಕೆಳಗಿನದನ್ನು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಗೋಡೆಗೆ ತಿಳಿ ಬಣ್ಣ ಹಚ್ಚಿ ಮನೆ ತಂಪಾಗಲಿಲ್ಲ ಎಂದು ದೂರುವವರು ಮಾಳಿಗೆ ಹತ್ತಿ ನೋಡಬೇಕು. ಒಂದಂತಸ್ತಿನ ಮನೆಗೆ ಹೆಚ್ಚಿನ ಬಿಸಿ ಇಳಿಯುವುದು ಮೇಲಿನಿಂದ. ಮಾಳಿಗೆಗೆ ಬೇಸಿಗೆಗೆ ಮುಂಚೆ ಸುಣ್ಣವಾದರೂ ಸರಿ, ಬಿಳಿಯ ಕೂಲ್ ರೂಫ್ ಪೇಂಟ್ ಆದರೂ ಸರಿ, ಹಚ್ಚಿಸಿದರೆ ಗೋಡೆಯ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗಿದ್ದರೆ ಇಡೀ ಮನೆಗೆ ಅಚ್ಚ ಬಿಳಿಯನ್ನೇ ಹಚ್ಚಬಾರದೇಕೆ? ಎರಡು ಕಾರಣ. ಮಧ್ಯಾಹ್ನ ಎದುರು ಮನೆಯವರು ಕಿಟಕಿ ತೆಗೆಯಲಾಗದಷ್ಟು ಕಣ್ಣು ಕುಕ್ಕುತ್ತದೆ. ಇನ್ನೊಂದು ಧೂಳು, ಅದಕ್ಕೆ ಬೇರೆಯೇ ಅಧ್ಯಾಯ ಬೇಕು.

3. ಕೆಳಗಿನ ಎರಡು ಅಡಿಗೆ ನಿಮ್ಮ ಊರಿನ ಮಣ್ಣಿನ ಬಣ್ಣ

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನಿಮ್ಮ ಓಣಿಯ ಗೋಡೆಗಳನ್ನು ನೋಡಿ. ಮಾಳಿಗೆಯ ಪೈಪಿನಿಂದ, ಛಜ್ಜಾದ ಅಂಚಿನಿಂದ ಸುರಿದ ನೀರು ನೆಲಕ್ಕೆ ಬಡಿದು, ಮಣ್ಣನ್ನು ಎತ್ತಿಕೊಂಡು ಗೋಡೆಗೆ ರಾಚಿರುತ್ತದೆ. ಕಾಂಪೌಂಡಿನ ಒಳಗೆ ಕಲ್ಲು ಹಾಸಿದ್ದರೆ ಒಂದಡಿಗೆ ನಿಲ್ಲುತ್ತದೆ, ಬರೀ ಮಣ್ಣಿದ್ದರೆ ಎರಡಡಿ, ಕೆಲವೆಡೆ ಎರಡೂವರೆ. ಕಲೆಯ ಮೇಲಂಚು ನೇರವಾಗಿರುವುದಿಲ್ಲ. ಮೇಲೆ ಹೋದಂತೆ ಸಣ್ಣ ಸಣ್ಣ ಚುಕ್ಕೆಗಳಾಗಿ ಚದುರಿರುತ್ತದೆ, ಮೂಲೆಗಳಲ್ಲಿ ಇನ್ನೂ ಎತ್ತರಕ್ಕೆ ಏರಿರುತ್ತದೆ. ಆ ಗೋಡೆ ಕ್ರೀಮಿನದಾಗಿದ್ದರೆ ತೊಳೆದರೂ ಎರೆ ಮಣ್ಣಿನ ಮಬ್ಬು ಪೂರ್ತಿ ಹೋಗುವುದಿಲ್ಲ.

ಹಳೆಯ ಮನೆಗಳಲ್ಲಿ ಮೇಲೆ ಸುಣ್ಣ, ಕೆಳಗೆ ಹುರಮಂಜಿನ (ಕೆಮ್ಮಣ್ಣಿನ) ಪಟ್ಟಿ ಇರುತ್ತಿದ್ದದ್ದು ಅಂದಕ್ಕಷ್ಟೇ ಅಲ್ಲ. ರಾಚಿದ ಮಣ್ಣು ಆ ಪಟ್ಟಿಯೊಳಗೇ ಅಡಗಿಹೋಗುತ್ತಿತ್ತು. ಅದನ್ನೇ ಇವತ್ತಿನ ಪೇಂಟಿನಲ್ಲಿ ಮಾಡಿ. ಕಲಬುರಗಿ, ಜೇವರ್ಗಿ, ಅಫಜಲಪುರದ ಎರೆಭೂಮಿಯಲ್ಲಿ ಪ್ಲಿಂತ್ ಪಟ್ಟಿಗೆ, ಅಂದರೆ ಗೋಡೆಯ ಬುಡದ ಈ ಪಟ್ಟಿಗೆ, ಕಡು ಬೂದು ಅಥವಾ ಕಂದು ಬೆರೆತ ಬೂದು. ಬೀದರಿನ ಕೆಂಪು ನೆಲದಲ್ಲಿ ಇಟ್ಟಿಗೆ ಕೆಂಪು. ಯಾದಗಿರಿ ಜಿಲ್ಲೆಯಲ್ಲಿ ಒಂದು ಕಡೆ ಎರೆ, ಇನ್ನೊಂದು ಕಡೆ ಕೆಂಪು ಮರಳು ಮಣ್ಣು. ಅಲ್ಲಿಯವರು ತಮ್ಮ ಅಂಗಳದ ಮಣ್ಣನ್ನೇ ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಪೇಂಟಿನ ಅಂಗಡಿಗೆ ಹೋಗಲಿ. ಅಂಗಡಿಯವರು ಒಂದು ಕ್ಷಣ ವಿಚಿತ್ರವಾಗಿ ನೋಡಬಹುದು. ಶೇಡ್ ಕಾರ್ಡಿನ ಪಕ್ಕ ಮಣ್ಣು ಸುರಿದು, ಅದಕ್ಕಿಂತ ಒಂದು ಮೆಟ್ಟಿಲು ಗಾಢವಾದದ್ದನ್ನು ಆರಿಸಿ. ಪಟ್ಟಿ ಎರಡು ಅಡಿಗಿಂತ ಕಡಿಮೆ ಬೇಡ.

ಹಣವಿದ್ದರೆ ಪಟ್ಟಿಗೆ ಬಣ್ಣದ ಬದಲು ಶಹಾಬಾದ ಕಲ್ಲನ್ನೇ ಅಂಟಿಸಬಹುದು. ನಮ್ಮ ಜಿಲ್ಲೆಯದೇ ಕಲ್ಲು, ಮಳೆಗಾಲ ಮುಗಿದ ಮೇಲೆ ಪೈಪ್ ಹಿಡಿದು ತೊಳೆದರೆ ಸಾಕು.

ವಾಡಿ, ಮಳಖೇಡ ಮುಂತಾದ ಸಿಮೆಂಟ್ ಕಾರ್ಖಾನೆಗಳ ಊರುಗಳಲ್ಲಿ ಧೂಳಿನ ಬಣ್ಣವೇ ಬೂದು. ಅಲ್ಲಿ ಗಾಢ ನೀಲಿ, ಕಡು ಕಂದು ಹಚ್ಚಿಸಿದರೆ ಛಜ್ಜಾದ ಮೇಲ್ಮೈ, ಗೋಡೆಯ ಉಬ್ಬು ಪಟ್ಟಿ, ಗ್ರೂವ್ ಎಲ್ಲದರ ಮೇಲೂ ಬಿಳಿಚು ಪದರ ಕೂರುತ್ತದೆ. ಮಧ್ಯಮ ಬೂದು ಇದ್ದರೆ ಗೊತ್ತೇ ಆಗುವುದಿಲ್ಲ. ಉಬ್ಬು ಡಿಸೈನ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಬೋರ್‌ವೆಲ್ ನೀರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ನೀರು ಗಡಸು. ಮಾಳಿಗೆಯ ಟ್ಯಾಂಕ್ ತುಂಬಿ ಹರಿದು ಗೋಡೆಯ ಮೇಲೆ ಇಳಿದರೆ, ಆರಿದ ಮೇಲೆ ಬಿಳಿ ಗೆರೆ ಉಳಿಯುತ್ತದೆ. ತಿಳಿ ಗೋಡೆಯ ಮೇಲೆ ಅದು ಅಷ್ಟಾಗಿ ಕಾಣದು, ಗಾಢ ಗೋಡೆಯ ಮೇಲೆ ರಸ್ತೆಯಿಂದಲೇ ಕಾಣುತ್ತದೆ. ಬಣ್ಣ ಹಚ್ಚಿಸುವ ಮುಂಚೆ ಟ್ಯಾಂಕಿನ ಓವರ್‌ಫ್ಲೋಗೆ ನೆಲದವರೆಗೆ ಪೈಪ್ ಇಳಿಸಿ.

4. ಯಾವ ಬಣ್ಣ ನಿಲ್ಲುತ್ತದೆ, ಯಾವುದು ಮಾಸುತ್ತದೆ

ಬಿಸಿಲಿಗೆ ಎಲ್ಲ ಬಣ್ಣಗಳೂ ಒಂದೇ ಥರ ಮಾಸುವುದಿಲ್ಲ. ಇಟ್ಟಿಗೆ ಕೆಂಪು, ಕಾವಿ, ಗೋಧಿ ಬಣ್ಣ, ಕಂದು ಇವಕ್ಕೆ ಬಳಸುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಇವತ್ತಿಗೂ ಕೆಂಪಾಗಿಯೇ ಇರುವುದು ಅದರ ಗುಣದಿಂದ. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್, ಬೂದಿಗೆ ಬಳಸುವ ಕಪ್ಪು, ಇವೂ ಗಟ್ಟಿ. ಬೇಗ ಸೋಲುವುದು ಉಜ್ವಲ ಬಣ್ಣಗಳು: ಗುಲಾಬಿ, ನೇರಳೆ, ನಿಂಬೆ ಹಳದಿ, ಕಿತ್ತಳೆ, ಥಳಥಳ ಕೆಂಪು. ಇವುಗಳಲ್ಲಿನ ಸಾವಯವ ವರ್ಣದ್ರವ್ಯ ನೇರಳಾತೀತ ಕಿರಣಕ್ಕೆ ಒಡೆಯುತ್ತದೆ. ಬಿಳಿಯಲ್ಲಿ ತೆಳ್ಳಗೆ ಬೆರೆಸಿದ ಗುಲಾಬಿಯಂತೂ ಇನ್ನೂ ಬೇಗ.

ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮೇಲೆ ನೀಲಿ, ಹಸಿರು, ಹಳದಿ ಇಂದಿಗೂ ಕಾಣುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅದು ಹಚ್ಚಿದ ಬಣ್ಣ ಅಲ್ಲ, ಹೆಂಚಿನ ಮೇಲೆ ಮೆರುಗು ಕೊಟ್ಟು ಬೆಂಕಿಯಲ್ಲಿ ಸುಟ್ಟದ್ದು. ಹೆಂಚು ಉದುರಿದ ಕಡೆ ಬಣ್ಣ ಹೋಗಿದೆ, ಹೆಂಚು ಉಳಿದ ಕಡೆ ಬಣ್ಣವೂ ಉಳಿದಿದೆ. ಥಳಥಳಿಸುವ ನೀಲಿಯೇ ಬೇಕೆನ್ನುವವರು ಬಾಗಿಲ ಸುತ್ತ ನಾಲ್ಕು ಸಾಲು ಟೈಲ್ಸ್ ಹಾಕಿಸಿಕೊಂಡರೆ ಬಿಸಿಲಿನ ಚಿಂತೆ ಇಲ್ಲ.

ಗಾಢ ಶೇಡಿಗೆ ಇನ್ನೊಂದು ತೊಡಕಿದೆ. ಅದನ್ನು ಬಿಳಿ ಇಲ್ಲದ ಬೇಸ್‌ನಲ್ಲಿ ಮಾಡುತ್ತಾರೆ, ಹಾಗಾಗಿ ಗೋಡೆ ಮುಚ್ಚುವ ಶಕ್ತಿ ಕಡಿಮೆ. ಎರಡು ಕೈ ಸಾಲದೆ ಮೂರು ಕೈ ಬೇಕಾಗಬಹುದು, ಲೀಟರ್ ದರವೂ ಜಾಸ್ತಿ.

5. ಈಗ ಜೋಡಿ ಆರಿಸಿ

ಮೂರಕ್ಕಿಂತ ಹೆಚ್ಚು ಬಣ್ಣ ಬೇಡ: ಮುಖ್ಯ ಗೋಡೆಗೆ ಒಂದು, ಪ್ಲಿಂತ್ ಮತ್ತು ಒಂದು ಮುಂಗೋಡೆಗೆ ಒಂದು, ಛಜ್ಜಾ ಮತ್ತು ಪಟ್ಟಿಗಳಿಗೆ ಒಂದು. ಚಾಲ್ತಿಯಲ್ಲಿರುವ ಜೋಡಿಗಳ ಬಗ್ಗೆ ನನ್ನ ಅಭಿಪ್ರಾಯ ಹೀಗೆ.

ಕ್ರೀಮ್, ಕಂದು: ಹಳೆಯದು, ಸಪ್ಪೆ ಅನ್ನುವವರಿದ್ದಾರೆ. ಆದರೆ ಎರೆ ಧೂಳನ್ನು ಇದರಷ್ಟು ಚೆನ್ನಾಗಿ ತಾಳುವ ಜೋಡಿ ಇನ್ನೊಂದಿಲ್ಲ. ಕ್ರೀಮ್ ಆರಿಸುವಾಗ ಹಳದಿಗೆ ವಾಲದ, ಸ್ವಲ್ಪ ಬೂದು ಬೆರೆತ ಶೇಡ್ ನೋಡಿ.

ತಿಳಿ ಬೂದು, ಬಿಳಿ, ಕಡು ಬೂದು: ಈಗಿನ ಹುಡುಗರ ಆಯ್ಕೆ. ಶಹಾಬಾದ ಕಲ್ಲಿನ ಅಂಗಳಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನೀಲಿಗೆ ವಾಲುವ ಬೂದು ನಮ್ಮ ಬಿಸಿಲಿನಲ್ಲಿ ಗಾರೆ ಮಾಡಿ ಬಣ್ಣ ಹಚ್ಚದೆ ಬಿಟ್ಟ ಗೋಡೆಯ ಹಾಗೆ ಕಾಣುವುದುಂಟು. ಕಂದಿಗೆ ವಾಲುವ ಬೂದು ಆರಿಸಿ, ಬಿಳಿಯನ್ನು ಛಜ್ಜಾದ ಕೆಳಗೆ, ಮಳೆ ತಾಗದ ಕಡೆ ಬಳಸಿ.

ಬಿಸ್ಕಿಟ್, ಇಟ್ಟಿಗೆ ಕೆಂಪು: ಬೀದರಿನವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಕಲಬುರಗಿಯಲ್ಲೂ ಚೆಂದ, ಪ್ಲಿಂತ್ ಮಾತ್ರ ಕಡು ಇರಲಿ.

ಪಿಸ್ತಾ ಹಸಿರು, ಆಕಾಶ ನೀಲಿ: ತಂಪು ಅನ್ನಿಸುವ ಬಣ್ಣ ನಿಜ. ಸುಣ್ಣಕ್ಕೆ ನೀಲಿ ಬೆರೆಸಿ ಹಚ್ಚುತ್ತಿದ್ದ ಕಾಲದಿಂದ ನಮ್ಮವರ ಕಣ್ಣಿಗೆ ಒಗ್ಗಿದ್ದೂ ಹೌದು. ಉತ್ತರದ ಗೋಡೆಗೆ, ನೆರಳಿನ ಪಡಸಾಲೆಗೆ ಹಚ್ಚಿ. ಪಶ್ಚಿಮಕ್ಕೆ ಹಚ್ಚಿದರೆ ಕೆಲವು ವರ್ಷಗಳಲ್ಲಿ ಮನೆಯ ಎರಡು ಬದಿಗಳು ಎರಡು ಬಣ್ಣವಾಗುತ್ತವೆ.

ವಾಸ್ತು ಕೇಳುವವರ ಮನೆಯಲ್ಲಿ ಇಲ್ಲೇ ಜಗಳ ಶುರುವಾಗುವುದು. ಹಿರಿಯರು ದಕ್ಷಿಣಕ್ಕೆ ಕೆಂಪು ಅಂದರೆ ಇಡೀ ಗೋಡೆ ಕೆಂಪು ಮಾಡಬೇಕಿಲ್ಲ, ಕಾವಿ ಕೆಂಪಿನ ಒಂದು ಪಟ್ಟಿ ಸಾಕು. ಅವರ ಮಾತೂ ಉಳಿಯಿತು, ಗೋಡೆಯೂ ಉಳಿಯಿತು.

6. ಕಾರ್ಡು ನಂಬಬೇಡಿ, ಗೋಡೆಯ ಮೇಲೆ ಹಚ್ಚಿ ನೋಡಿ

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ಶೇಡ್ ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಬೇರೆಯೇ. ತೀರಾ ತಿಳಿಯಾದದ್ದು ಬಿಳಿಯಾಗಿ ಕರಗಿಹೋಗುತ್ತದೆ. ಉಜ್ವಲವಾದದ್ದು ದೊಡ್ಡ ಗೋಡೆಯ ಮೇಲೆ ಅರಚುತ್ತದೆ. ಎರಡು ಅಥವಾ ಮೂರು ಶೇಡಿನ ಸಣ್ಣ ಡಬ್ಬಿ ತಂದು, ಬಿಳಿ ಪ್ರೈಮರ್ ಹಚ್ಚಿದ ಗೋಡೆಯ ಮೇಲೆ ಮೂರಡಿಗೆ ಮೂರಡಿ ಚೌಕವಾಗಿ ಎರಡು ಕೈ ಹಚ್ಚಿಸಿ. ಪ್ರತಿ ಶೇಡಿನ ಒಂದು ಚೌಕ ಪಶ್ಚಿಮದ ಗೋಡೆಯಲ್ಲಿ, ಇನ್ನೊಂದು ನೆರಳಿನ ಗೋಡೆಯಲ್ಲಿ. ಪ್ರತಿ ಚೌಕದ ಕೆಳಗೆ ಶೇಡ್ ನಂಬರನ್ನು ಪೆನ್ಸಿಲಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಮರುದಿನ ಯಾವುದು ಯಾವುದೆಂದು ಮನೆಮಂದಿಯೆಲ್ಲ ವಾದಕ್ಕೆ ಕೂರುತ್ತಾರೆ. ಬೆಳಿಗ್ಗೆ, ನಡುಹಗಲು, ದೀಪ ಹಚ್ಚುವ ಹೊತ್ತು, ಮೂರೂ ವೇಳೆಯಲ್ಲಿ ರಸ್ತೆಯ ಆಚೆ ನಿಂತು ನೋಡಿ. ಆಮೇಲೆ ಒಂದು ಮಗ್ ನೀರಿಗೆ ಅಂಗಳದ ಮಣ್ಣು ಕಲಸಿ ಚೌಕದ ಮೇಲೆ ಎರಚಿ, ಒಣಗಲು ಬಿಟ್ಟು ಒರೆಸಿ. ಯಾವುದು ಮಣ್ಣನ್ನು ಬಿಟ್ಟುಕೊಡುತ್ತದೋ, ಯಾವುದು ಹಿಡಿದುಕೊಳ್ಳುತ್ತದೋ ಅಲ್ಲೇ ಗೊತ್ತಾಗುತ್ತದೆ.

ಹೊಳಪಿನ ಪೇಂಟ್ ಧೂಳನ್ನು ಬೇಗ ಬಿಡುತ್ತದೆ, ಆದರೆ ಗಾರೆಯ ಏರುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ. ಗಾರೆ ನಯವಾಗಿಲ್ಲದಿದ್ದರೆ ಮ್ಯಾಟ್ ಸಾಕು.

7. ಗೋಡೆ ಸಿದ್ಧವಾಗಿದೆಯೇ?

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ನಿಂತ ಮನೆಗಳ ಗೋಡೆಯಲ್ಲಿ ಬಿರುಕು ಸಾಮಾನ್ಯ. ಕೂದಲೆಳೆಯಷ್ಟಿದ್ದರೆ ಕ್ರ್ಯಾಕ್ ಫಿಲ್ಲರ್ ಸಾಕು. ಅಗಲವಿದ್ದರೆ ಬಿರುಕನ್ನು ‘ವಿ’ ಆಕಾರಕ್ಕೆ ಕೊರೆದು ತುಂಬಿಸಬೇಕು. ವರ್ಷವರ್ಷ ಅದೇ ಜಾಗದಲ್ಲಿ ದೊಡ್ಡದಾಗುತ್ತಿದ್ದರೆ ಅದು ಪೇಂಟರ್ ಕೆಲಸವಲ್ಲ, ಎಂಜಿನಿಯರಿಗೆ ತೋರಿಸಿ. ಹೊಸ ಗಾರೆ ಕನಿಷ್ಠ 28 ದಿನ ಆರಬೇಕು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತದೆ, ಬಿಳಿ ಉಪ್ಪು ಮೂಡುತ್ತದೆ. ಒಳಗೋಡೆಗೆ ಬಳಸುವ ಅಕ್ರಿಲಿಕ್ ಪುಟ್ಟಿಯನ್ನು ಹೊರಗೆ ಹಚ್ಚಲು ಬಿಡಬೇಡಿ. ಮಳೆಗೆ ಅದು ಹೊಟ್ಟಿನಂತೆ ಏಳುತ್ತದೆ. ಹೊರಗೆ ಬೇಕೇ ಬೇಕಾದರೆ ಬಿಳಿ ಸಿಮೆಂಟಿನ ಪುಟ್ಟಿ, ಅದರ ಮೇಲೆ ಎಕ್ಸ್‌ಟೀರಿಯರ್ ಪ್ರೈಮರ್.

8. ಲೆಕ್ಕ ಮತ್ತು ಖರೀದಿ

ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಗೆ ನೀರು ಬೆರೆಸಿ ಹಚ್ಚುವ ಪೇಂಟ್) ಎರಡು ಕೈಗೆ ಲೀಟರಿಗೆ ಸುಮಾರು 50 ಚದರಡಿ ಎಂದು ಹಿಡಿಯಿರಿ. ಒರಟು ಗಾರೆಗೆ ಇನ್ನೂ ಕಡಿಮೆ ಬರುತ್ತದೆ. ಮನೆ 26ಕ್ಕೆ 36 ಅಡಿ ಇದ್ದರೆ ಸುತ್ತಳತೆ 124 ಅಡಿ. ಪ್ಲಿಂತ್‌ನಿಂದ ಕಟಾಂಜನದ ತುದಿಯವರೆಗೆ 15 ಅಡಿ ಎತ್ತರ ಅಂದರೆ 1,860 ಚದರಡಿ. ಬಾಗಿಲು ಕಿಟಕಿ 200 ಕಳೆದರೆ 1,660. ಬೇಕಾಗುವ ಪೇಂಟ್ 33 ಲೀಟರ್ ಚಿಲ್ಲರೆ. ಇದರಲ್ಲಿ ಮುಖ್ಯ ಬಣ್ಣ 24 ಲೀಟರ್, ಅಂದರೆ ಒಂದು 20ರ ಬಕೆಟ್, ಒಂದು 4ರ ಡಬ್ಬಿ. ಉಳಿದದ್ದು ಎರಡು ಬಣ್ಣಕ್ಕೆ ಹಂಚಿ. ಪಕ್ಕದ ಮನೆಗೆ ಅಂಟಿಕೊಂಡ ಗೋಡೆ ಇದ್ದರೆ ಅದನ್ನು ಕಳೆಯಿರಿ.

ಏಷ್ಯನ್ ಪೇಂಟ್ಸ್‌ನ ಅಪೆಕ್ಸ್, ಬರ್ಜರ್‌ನ ವೆದರ್‌ಕೋಟ್, ಡ್ಯೂಲಕ್ಸ್‌ನ ವೆದರ್‌ಶೀಲ್ಡ್, ನೆರೋಲ್ಯಾಕ್‌ನ ಎಕ್ಸೆಲ್ ಎಲ್ಲವೂ ನಮ್ಮ ಪೇಟೆಯಲ್ಲಿ ಸಿಗುತ್ತವೆ. ಪ್ರತಿಯೊಂದರಲ್ಲೂ ಅಗ್ಗದ್ದು, ನಡುವಿನದು, ಮೇಲಿನದು ಎಂದು ದರ್ಜೆಗಳಿವೆ. ಕಂಪನಿಗಿಂತ ದರ್ಜೆ ಮುಖ್ಯ. ಪಶ್ಚಿಮದ ಗೋಡೆಯೊಂದಕ್ಕಾದರೂ ಮೇಲಿನ ದರ್ಜೆ ಕೊಡಿ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಒಂದೇ ಶೇಡ್ ಎರಡು ದರ್ಜೆಯಲ್ಲಿ ಒಂದೇ ಥರ ಬರುವುದಿಲ್ಲ.

ಬಣ್ಣ ಮಷಿನ್‌ನಲ್ಲೇ ಬೆರೆಸಲಿ. ಬಿಳಿ ತಂದು ಕೈಯಲ್ಲಿ ಸ್ಟೇನರ್ (ಬಣ್ಣ ಕೊಡುವ ದ್ರವ) ಹಾಕಿ ಕಲಸಿದರೆ ಉಳಿತಾಯ ಕಾಣುತ್ತದೆ ನಿಜ, ಆದರೆ ಬಕೆಟ್ ಖಾಲಿಯಾದರೆ ಅದೇ ಬಣ್ಣ ಮತ್ತೆ ಹುಟ್ಟುವುದಿಲ್ಲ. ಮಷಿನ್‌ನಲ್ಲಿ ಬೆರೆಸಿದ ಬಕೆಟ್‌ಗಳಲ್ಲೂ ಎಳೆಯಷ್ಟು ವ್ಯತ್ಯಾಸ ಇರುತ್ತದೆ. ಒಂದೇ ಗೋಡೆಗೆ ಎರಡು ಬಕೆಟ್ ಬೇಕಾದರೆ ಮೊದಲೇ ಎರಡನ್ನೂ ಒಟ್ಟಿಗೆ ಸುರಿದು ಕಲಸಿಸಿ.

9. ಯಾವಾಗ ಹಚ್ಚಿಸಬೇಕು

ದೀಪಾವಳಿಯ ನಂತರದಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಗೋಡೆಯ ತೇವ ಆರಿರುತ್ತದೆ, ಬಿಸಿಲು ಹದವಾಗಿರುತ್ತದೆ. ಯುಗಾದಿಗೆ ಮನೆ ಹೊಸದಾಗಬೇಕು ಎನ್ನುವವರು ಸಂಕ್ರಾಂತಿ ಮುಗಿದ ಕೂಡಲೇ ಪೇಂಟರನ್ನು ಗೊತ್ತು ಮಾಡಿಕೊಳ್ಳಿ, ಮಾರ್ಚ್ ಬಂದರೆ ಒಬ್ಬರೂ ಸಿಗುವುದಿಲ್ಲ. ಮದುವೆ ನೆಪದಲ್ಲಿ ಏಪ್ರಿಲ್–ಮೇಯಲ್ಲೇ ಹಚ್ಚಿಸಬೇಕಾಗಿ ಬಂದರೆ ನೆರಳು ಹಿಡಿದು ಕೆಲಸ ಮಾಡಿಸಿ: ಬೆಳಿಗ್ಗೆ ಪಶ್ಚಿಮದ ಗೋಡೆ, ಸಂಜೆ ಪೂರ್ವದ ಗೋಡೆ. ‘ಬಿಸಲಾಗ ಹಚ್ಚಿದ್ರ ರೋಲರ್ ಗುರ್ತು ಹಂಗೇ ಕುಂದರ್ತದ್ರಿ ಸಾಹೇಬ್ರ’ ಎಂದು ಒಳ್ಳೆಯ ಪೇಂಟರ್ ತಾನಾಗಿಯೇ ಹೇಳುತ್ತಾನೆ. ಹೇಳದವನಿಗೆ ನೀವೇ ಹೇಳಿ. ಕಾದ ಗೋಡೆಗೆ ಹಚ್ಚಿದ ಪೇಂಟ್ ಹರಡಿಕೊಳ್ಳುವ ಮುಂಚೆಯೇ ಒಣಗುತ್ತದೆ, ಕೈ ಕೂಡಿದ ಕಡೆಯೆಲ್ಲ ಪಟ್ಟೆ ಬೀಳುತ್ತದೆ. ಮಧ್ಯಾಹ್ನ ಅವರಿಗೂ ರೊಟ್ಟಿ ತಿಂದು ಒಂದಿಷ್ಟು ಅಡ್ಡಾಗಲು ಬಿಡಿ.

ಏಪ್ರಿಲ್–ಮೇಯಲ್ಲಿ ಬರುವ ಗುಡುಗಿನ ಅಕಾಲ ಮಳೆಯ ಬಗ್ಗೆ ಎಚ್ಚರವಿರಲಿ. ಮೋಡ ಕಟ್ಟಿದ ಸಂಜೆ ಕೊನೆಯ ಕೈ ಬೇಡ.

ಕೆಲಸ ಮುಗಿದ ಮೇಲೆ ಮೂರೂ ಬಣ್ಣಗಳ ಶೇಡ್ ಕೋಡ್, ದರ್ಜೆ, ತಿಂಗಳು, ವರ್ಷವನ್ನು ಮೀಟರ್ ಬೋರ್ಡಿನ ಬಾಗಿಲ ಒಳಗಡೆ ಬರೆದಿಡಿ. ಪ್ಲಿಂತ್ ಬಣ್ಣದಲ್ಲಿ ಒಂದು ಲೀಟರ್ ಉಳಿಸಿಕೊಂಡರೆ ದಸರೆ ಹೊತ್ತಿಗೆ ಮಳೆ ತಿಂದ ಜಾಗಗಳನ್ನು ಮುಟ್ಟಿಸಬಹುದು. ಡಬ್ಬಿಯನ್ನು ಮಾಳಿಗೆಯ ಮೇಲೆ ಇಡಬೇಡಿ. ಮುಚ್ಚಳ ಬಿಗಿ ಮಾಡಿ ಮೆಟ್ಟಿಲ ಕೆಳಗೆ ನೆರಳಲ್ಲಿ ಇಡಿ.